ಸಹಿಯನ್ನು ಬಿಟ್ಟು ಪಟ್ಟಿಯನ್ನು ಹಿಡಿದೆವು: ವಿಶ್ವವಿದ್ಯಾಲಯದ ಮಂಡಳಿ ಆಯ್ಕೆ ಬದಲಿಸಿದ ಬಗೆ

ನೇಮಕದ ಅಧಿಕಾರ ಕಿತ್ತುಕೊಳ್ಳದೆ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಬದಲಾಗದು ಎಂದವರೇ ಹೆಚ್ಚು. ಬದಲಾಯಿತು. ಸಹಿ ಹಾಕುವ ಕೈ ಅಲ್ಲೇ ಇದೆ. ಆ ಕೈಗೆ ಹೋಗುವ ಹೆಸರುಗಳ ದಾರಿ ಬೇರೆಯಾಗಿದೆ: ಈಗ ಅವನ್ನು ಶೋಧನಾ ಸಮಿತಿಯೊಂದು ಪಟ್ಟಿ ಮಾಡಿ ಕಳಿಸುತ್ತದೆ.

ತಿದ್ದುಪಡಿಯ ಮೊದಲ ಕರಡಿನಲ್ಲಿ ನೇಮಕದ ಹಳೆಯ ಕಲಂ ತೆಗೆದಿದ್ದೆವು, ಅದರ ಜಾಗದಲ್ಲಿ ಏನು ಬರುತ್ತದೆಂದು ಬರೆದಿರಲಿಲ್ಲ. ಬಿದ್ದುಹೋಯಿತು. ಅಮೆರಿಕದ ನೆವಾಡಾ ರಾಜ್ಯದಲ್ಲೂ ಜನರೇ ಆರಿಸುವ ರೀಜೆಂಟರ (ವಿಶ್ವವಿದ್ಯಾಲಯ ನಡೆಸುವವರ) ಮಂಡಳಿಯನ್ನು ಸಂವಿಧಾನದಿಂದ ತೆಗೆದು ಶಾಸನಸಭೆಗೆ ಬಿಡುವ ಪ್ರಸ್ತಾವ 2020ರಲ್ಲಿ ಕೂದಲೆಳೆಯಲ್ಲಿ ಸೋತಿತು, 2024ರಲ್ಲಿ ಇನ್ನೂ ದೊಡ್ಡ ಅಂತರದಲ್ಲಿ. ನಮ್ಮ ದುಡ್ಡಿನ ಸುಮಾರು ಮುಕ್ಕಾಲು ಪಾಲು ಆ ಮೊದಲ ಸಲದ ಕರಪತ್ರ, ಸಭೆಗಳಿಗೇ ಹೋಯಿತು. ಎರಡನೇ ಸಲ ಖರ್ಚಾದದ್ದು ಹೆಚ್ಚುಕಡಿಮೆ ಕರಡು ತಿದ್ದಿದ ವಕೀಲರ ಶುಲ್ಕವಷ್ಟೆ.

ಮಾದರಿಗೆ ಅಮೆರಿಕದ ಇನ್ನೊಂದು ರಾಜ್ಯ ಮಿನ್ನೆಸೋಟ ನೋಡಿದೆವು. 1988ರಿಂದ ಅಲ್ಲಿ ರೀಜೆಂಟರ ಆಯ್ಕೆಗೆ 24 ಜನರ ಸಲಹಾ ಸಮಿತಿಯಿದೆ. ಪ್ರತಿ ಸ್ಥಾನಕ್ಕೆ ಎರಡರಿಂದ ನಾಲ್ಕು ಹೆಸರು ಕೊಡುತ್ತದೆ, ಆರಿಸುವುದು ಶಾಸನಸಭೆ. ಆದರೆ ಆ ಪಟ್ಟಿಗೆ ಶಾಸನಸಭೆ ಕಟ್ಟುಬಿದ್ದಿಲ್ಲ. ನಮ್ಮ ಜಗಳವೆಲ್ಲ ಅದರ ಮೇಲೆಯೇ. 'ಪಟ್ಟಿಯನ್ನು ಗಮನದಲ್ಲಿಟ್ಟುಕೊಂಡು' ಎಂದು ಬರೆದರೆ ಕಲಂ ಹುಟ್ಟುವಾಗಲೇ ಸತ್ತಂತೆ, 'ಪಟ್ಟಿಯಿಂದಲೇ' ಎಂದಿರಬೇಕು. ನಮ್ಮ ಕಲಂನಲ್ಲಿ ನೇಮಕ ಮಾಡುವವರು ಒಮ್ಮೆ ಮಾತ್ರ ಪಟ್ಟಿ ವಾಪಸ್ಸು ಕಳಿಸಬಹುದು, ಕಾರಣ ಬರಹದಲ್ಲಿ. 60 ದಿನ ಸಹಿ ಬೀಳದಿದ್ದರೆ ಮೊದಲ ಹೆಸರೇ ನೇಮಕ. ಈ ಕೊನೆಯ ವಾಕ್ಯ ಇಲ್ಲದಿದ್ದರೆ ಕಡತ ಮೇಜಿನ ಮೇಲೇ ಕೊಳೆಯುತ್ತದೆ.

ನಮ್ಮ ಮಂಡಳಿಯಲ್ಲಿ 12 ಸ್ಥಾನ, ಆರು ವರ್ಷದ ಅವಧಿ, ಎರಡು ವರ್ಷಕ್ಕೊಮ್ಮೆ ನಾಲ್ವರು ನಿವೃತ್ತಿ. ಮೊದಲ ತಂಡಕ್ಕೆ ಎರಡು, ನಾಲ್ಕು, ಆರು ವರ್ಷವೆಂದು ಚೀಟಿ ಎತ್ತಿಸಿ, ಅದೂ ನೇಮಕವಾದ ಮೇಲೆ. ಮೊದಲೇ ಎತ್ತಿದರೆ ಬೇಕಾದವರೆಲ್ಲ ಆರು ವರ್ಷದ ಕುರ್ಚಿಯಲ್ಲಿ ಕೂರುತ್ತಾರೆ. ನಡುವೆ ಸ್ಥಾನ ತೆರವಾದರೆ ಬರುವವರಿಗೆ ಉಳಿದ ಅವಧಿ ಮಾತ್ರ. ಹೊಸದಾಗಿ ಆರು ವರ್ಷ ಕೊಟ್ಟರೆ ಸರದಿ ಎರಡೇ ಸುತ್ತಿನಲ್ಲಿ ಕೆಡುತ್ತದೆ. 'ಉತ್ತರಾಧಿಕಾರಿ ಬರುವವರೆಗೆ ಮುಂದುವರಿಯತಕ್ಕದ್ದು' ಎಂಬ ಹಳೆಯ ಸಾಲನ್ನು ಹುಡುಕಿ 90 ದಿನದ ಮಿತಿ ಹಾಕಿ. ನಮ್ಮ ಕಣ್ಣಿಗೆ ಅದು ಬಿದ್ದದ್ದು ಮೂರನೇ ಓದಿನಲ್ಲಿ.

ಅರ್ಜಿಗಳಿಂದ ಹೆಸರು ಅಳಿಸಿ ಓದುವ ಪ್ರಯೋಗವನ್ನೂ ಮಾಡಿದೆವು. ಹುದ್ದೆಗಳ ಪಟ್ಟಿಯೇ ಆಳನ್ನು ಹೇಳಿಬಿಡುತ್ತಿತ್ತು, ಕೈಬಿಟ್ಟೆವು. ಹಿಂದಿನ ವರ್ಷದ ಲೆಕ್ಕಪತ್ರ ಕೊಟ್ಟು ಒಂದು ಪುಟದ ಟಿಪ್ಪಣಿ ಕೇಳಿದ್ದು ಮಾತ್ರ ಚೆನ್ನಾಗಿ ಫಲಿಸಿತು. ನೆನಪಿರುವಂತೆ ಮೂರರಲ್ಲೊಂದು ಪಾಲು ಅಭ್ಯರ್ಥಿಗಳು ಅಲ್ಲಿಗೇ ನಿಂತರು, ಉಳಿದವರು ನಿಜಕ್ಕೂ ಕೆಲಸದವರು.

ಶೋಧನಾ ಸಮಿತಿಯಲ್ಲಿ ನೇಮಕ ಮಾಡುವವರ ಕಡೆಯವರು ಅರ್ಧಕ್ಕಿಂತ ಕಡಿಮೆ ಇರಬೇಕು. ಸಮಿತಿಯಲ್ಲಿದ್ದವರು ಎರಡು ವರ್ಷ ಮಂಡಳಿಗೆ ಅರ್ಜಿ ಹಾಕುವಂತಿಲ್ಲ. ಈ ಎರಡಕ್ಕೂ ಎದುರಿನವರನ್ನು ಒಪ್ಪಿಸಿದ ಬಗೆಯನ್ನು ಇಲ್ಲಿ ಬರೆಯುವುದಿಲ್ಲ. ಇನ್ನೊಂದು ಕಡೆ ಅದೇ ಕೆಲಸ ಬಾಕಿಯಿದೆ.