ಆಪ್ಷನ್ ಓದುವ ಮೊದಲೇ ವಾದದ ತಪ್ಪು ಹಿಡಿಯುವುದು: ನನ್ನ ಅನುಭವ

ಎಲ್‌ಸ್ಯಾಟ್‌ನಲ್ಲಿ, ಅಂದರೆ ಅಮೆರಿಕದ ಕಾನೂನು ಕಾಲೇಜುಗಳ ಪ್ರವೇಶ ಪರೀಕ್ಷೆಯಲ್ಲಿ, 2024ರ ಆಗಸ್ಟ್‌ನಿಂದ ಲಾಜಿಕ್ ಗೇಮ್ಸ್ ಎಂಬ ಒಗಟಿನ ವಿಭಾಗ ಇಲ್ಲ. ಅಂಕ ಸಿಗುವ ಮೂರು ವಿಭಾಗಗಳಲ್ಲಿ ಎರಡು ಲಾಜಿಕಲ್ ರೀಸನಿಂಗೇ, ಅಂದರೆ ಚಿಕ್ಕ ಚಿಕ್ಕ ವಾದಗಳನ್ನು ಒರೆಗೆ ಹಚ್ಚುವ ಪ್ರಶ್ನೆಗಳೇ. ಇಂಥ ಒಂದೊಂದು ವಿಭಾಗದಲ್ಲೂ 35 ನಿಮಿಷಕ್ಕೆ ಸುಮಾರು 25 ಪ್ರಶ್ನೆ. ಒಂದು ಪ್ರಶ್ನೆಗೆ ಒಂದೂವರೆ ನಿಮಿಷವೂ ಸಿಗುವುದಿಲ್ಲ. 'ಈ ವಾದದಲ್ಲಿ ತಪ್ಪೇನು' ಎಂದು ಕೇಳುವ ಪ್ರಶ್ನೆಗಳಿಗೆ ನಾನು ರೂಢಿ ಮಾಡಿಕೊಂಡ ಕ್ರಮ ಇದು.

ಮೊದಲು ಮುಖ್ಯ ತೀರ್ಮಾನ ಹುಡುಕಬೇಕು. 'ಆದ್ದರಿಂದ' ಇರುವ ವಾಕ್ಯವೇ ಅದು ಎಂದು ನಂಬಿದರೆ ಕೆಟ್ಟಿರಿ. ಎಷ್ಟೋ ಸಲ ಅದು ನಡುವಿನ ಮೆಟ್ಟಿಲು ಮಾತ್ರ. ಎರಡು ವಾಕ್ಯಗಳ ನಡುವೆ 'ಏಕೆಂದರೆ' ಹಾಕಿ ಓದಿದರೆ ಯಾವುದು ಯಾವುದಕ್ಕೆ ಆಸರೆ ಎಂಬುದು ಗೊತ್ತಾಗುತ್ತದೆ. ಆಧಾರಗಳು ನಿಜವೋ ಸುಳ್ಳೋ ಎಂಬ ತಂಟೆಗೆ ನಾನು ಹೋಗುವುದಿಲ್ಲ. ಅವೆಲ್ಲ ನಿಜವಾಗಿದ್ದೂ ತೀರ್ಮಾನ ಸುಳ್ಳಾಗುವುದು ಹೇಗೆ? ಇದಕ್ಕೆ ಒಂದು ವಾಕ್ಯದ ಉತ್ತರ ಸಿಗುವ ತನಕ ಆಪ್ಷನ್ ಕಡೆ ಕಣ್ಣು ಹಾಯಿಸುವುದಿಲ್ಲ.

ಒಂದು ವಾದ ನೋಡಿ: 'ದಿನಾ ಈಜುವವರಲ್ಲಿ ಬೆನ್ನುನೋವು ಕಡಿಮೆ. ಆದ್ದರಿಂದ ಈಜಿದರೆ ಬೆನ್ನುನೋವು ತಗ್ಗುತ್ತದೆ.' ಬೆನ್ನುನೋವು ಇರುವವರು ಈಜಲು ಇಳಿಯುವುದೇ ಇಲ್ಲವೇನೋ! ನನ್ನ ಉತ್ತರ ಇಷ್ಟೇ: ಕಾರಣ ತಿರುವುಮುರುವಾಗಿರಬಹುದು. ಈಗ ಮೂರು ಆಪ್ಷನ್ ಬಂದವು ಎನ್ನಿ.

'ಈಜುವುದರಿಂದ ಭುಜನೋವು ಬರುವ ಸಾಧ್ಯತೆಯನ್ನು ಗಮನಿಸಿಲ್ಲ.'
'ಕೆಲವೇ ಜನರನ್ನು ನೋಡಿ ಎಲ್ಲರ ಬಗ್ಗೆ ಹೇಳಿದೆ.'
'ಬೆನ್ನುನೋವು ಇಲ್ಲದಿರುವುದೇ ಕೆಲವರು ಈಜಲು ಕಾರಣವಾಗಿರಬಹುದು ಎಂಬುದನ್ನು ಗಮನಿಸಿಲ್ಲ.'

ಪ್ರತಿ ಆಪ್ಷನ್‌ಗೂ ಎರಡು ಪ್ರಶ್ನೆ. ವಾದ ಇದನ್ನು ನಿಜವಾಗಿ ಮಾಡಿದೆಯೇ? ಮಾಡಿದ್ದರೆ, ಈ ತೀರ್ಮಾನಕ್ಕೆ ಅದರಿಂದ ಪೆಟ್ಟು ಬೀಳುತ್ತದೆಯೇ? ಎರಡನೆಯ ಆಪ್ಷನ್ ಮೊದಲ ಪ್ರಶ್ನೆಯಲ್ಲೇ ಬಿತ್ತು: ಎಷ್ಟು ಜನರನ್ನು ನೋಡಿದರೆಂದು ವಾದ ಹೇಳಿಯೇ ಇಲ್ಲ. ಭುಜನೋವಿನದು ಹೆಚ್ಚು ಮೋಸದ್ದು. ವಾದ ಅದನ್ನು ಗಮನಿಸಿಲ್ಲ, ಖರೆ. ಆದರೆ ತೀರ್ಮಾನ ಇರುವುದು ಬೆನ್ನಿನ ಬಗ್ಗೆ. ಚೆನ್ನಾಗಿ ಓದಿಕೊಂಡವರು ಅಂಕ ಕಳೆದುಕೊಳ್ಳುವುದು ಬಹುಪಾಲು ಇಂಥ 'ನಿಜ, ಆದರೆ ಸಂಬಂಧವಿಲ್ಲ' ಆಪ್ಷನ್‌ಗಳಲ್ಲೇ.

ಆಪ್ಷನ್ ಯಾವ ಮಾತಿನಲ್ಲಿ ದೂರುತ್ತದೆ ಎಂಬುದನ್ನೂ ನೋಡಬೇಕು. 'ಗಮನಿಸಿಲ್ಲ' ಎಂದಿದ್ದರೆ ಆ ಸಂಗತಿಯನ್ನು ನಿಜವೆಂದು ಹಿಡಿದು ತೀರ್ಮಾನ ಅಲುಗಾಡುತ್ತದೆಯೇ ನೋಡುತ್ತೇನೆ. 'ಆಧಾರವಿಲ್ಲದೆ ನಂಬಿದೆ' ಎಂದಿದ್ದರೆ ಆ ನಂಬಿಕೆಯನ್ನು ಅಲ್ಲಗಳೆದು ನೋಡುತ್ತೇನೆ. ಆಗಲೂ ವಾದ ನಿಂತರೆ ಆ ಆಪ್ಷನ್ ಕೈಬಿಡಬಹುದು.

'ಇದ್ದರೆ' ಮತ್ತು 'ಇದ್ದರೆ ಮಾತ್ರ' ಅದಲುಬದಲಾಗುವ ವಾದಗಳಿಗೆ ಬೇರೆ ಉಪಾಯ. 'ಲೈಸೆನ್ಸ್ ಪಡೆದವರೆಲ್ಲ ಪರೀಕ್ಷೆ ಪಾಸಾದವರು. ಈತ ಪಾಸಾಗಿದ್ದಾನೆ. ಹಾಗಾದರೆ ಲೈಸೆನ್ಸ್ ಇದೆ.' ಕೇಳಲು ಸರಿಯಾಗಿಯೇ ಇದೆ. ಅದೇ ಅಚ್ಚಿಗೆ ಬೇರೆ ಮಾತು ಸುರಿಯಿರಿ: ಹಸುಗಳಿಗೆಲ್ಲ ನಾಲ್ಕು ಕಾಲು, ಮೇಜಿಗೂ ನಾಲ್ಕು ಕಾಲು, ಆದ್ದರಿಂದ ಮೇಜು ಹಸು. ಇದೇ ಧಾಟಿಯ ದೋಷವಿರುವ ಇನ್ನೊಂದು ವಾದ ಆರಿಸಿ ಎಂಬ ಉದ್ದುದ್ದ ಪ್ರಶ್ನೆಗಳಿಗೂ ಇದು ಒದಗುತ್ತದೆ.

ಶೇಕಡಾವಾರು ಕಂಡರೆ ಮೊತ್ತ ಎಷ್ಟೆಂದು ಕೇಳಿ. ಮಾರಾಟದಲ್ಲಿ ಪುಸ್ತಕದ ಪಾಲು ಶೇ. 40ರಿಂದ 30ಕ್ಕೆ ಇಳಿದರೂ ಒಟ್ಟು ಮಾರಾಟ 1,000ದಿಂದ 2,000ಕ್ಕೆ ಏರಿದ್ದರೆ ಪುಸ್ತಕಗಳು 400ರಿಂದ 600 ಆಗಿವೆ. ಸಾಬೀತಾಗಿಲ್ಲ ಎಂದ ಮಾತ್ರಕ್ಕೆ ಸುಳ್ಳು ಎನ್ನುವುದು, ಒಂದೇ ಪದವನ್ನು ಎರಡು ಅರ್ಥದಲ್ಲಿ ಬಳಸುವುದು, ಇವೂ ಪದೇ ಪದೇ ಬರುತ್ತವೆ. 'ಸಾಧಿಸಬೇಕಾದ್ದನ್ನೇ ಆಧಾರ ಮಾಡಿಕೊಂಡಿದೆ' ಎಂಬ ಆಪ್ಷನ್ ಮಾತ್ರ ಸುಮ್ಮನೆ ಬೆದರಿಸಲು ಬಂದಿರುವುದೇ ಹೆಚ್ಚು. ತೀರ್ಮಾನವನ್ನೇ ಬೇರೆ ಮಾತಿನಲ್ಲಿ ಹೇಳಿರುವ ಆಧಾರವಾಕ್ಯವನ್ನು ಬೆರಳಿಟ್ಟು ತೋರಿಸಲಾಗದಿದ್ದರೆ ಅದನ್ನು ಬಿಟ್ಟುಬಿಡಿ.

ಅಭ್ಯಾಸದ ಪುಸ್ತಕದಲ್ಲಿ ಮೂರು ಕಾಲಂ ಸಾಕು: ತೀರ್ಮಾನ ನನ್ನ ಮಾತಿನಲ್ಲಿ, ದೋಷ ನನ್ನ ಮಾತಿನಲ್ಲಿ, ತಪ್ಪು ಆಪ್ಷನ್ನಿನ ಯಾವ ಪದ ನನ್ನನ್ನು ಸೆಳೆಯಿತು. ಮೂರನೆಯದನ್ನು ತುಂಬಲು ಬೇಜಾರಾಗುತ್ತದೆ, ಆದರೆ ಮುಂದಿನ ವಾರ ತಿರುವಿ ನೋಡಬೇಕಾದದ್ದು ಅದನ್ನೇ.