ಲೀಸ್ 80 ವರ್ಷಕ್ಕೆ ಇಳಿಯುವ ಮುನ್ನ: ಇಂಗ್ಲೆಂಡಿನಲ್ಲಿ ಫ್ಲ್ಯಾಟ್ ಕೊಂಡ ಕನ್ನಡಿಗರಿಗೆ

ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಕೊಂಡರೆ ಕ್ರಯಪತ್ರದಲ್ಲಿ ನೆಲದ ಅವಿಭಜಿತ ಪಾಲು ಇಷ್ಟು ಚದರಡಿ ಎಂದು ಸಾಮಾನ್ಯವಾಗಿ ನಮೂದಾಗಿರುತ್ತದೆ. ಕಟ್ಟಡ ಹಳೆಯದಾದರೂ ಆ ಪಾಲು ನಿಮ್ಮದು, ನಿಮ್ಮ ನಂತರ ಮಕ್ಕಳದು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಫ್ಲ್ಯಾಟುಗಳ ಕಥೆಯೇ ಬೇರೆ. ಅಲ್ಲಿ ಬಹುಪಾಲು ಫ್ಲ್ಯಾಟುಗಳು ಲೀಸ್‌ಹೋಲ್ಡ್. ನೆಲವೂ ಕಟ್ಟಡವೂ ಫ್ರೀಹೋಲ್ಡರನ ಸೊತ್ತು. ನೀವು ಕೊಳ್ಳುವುದು 99 ಅಥವಾ 125 ವರ್ಷಗಳ ಹಕ್ಕನ್ನು, ಅದರಲ್ಲಿಯೂ ಹಿಂದಿನ ಮಾಲೀಕರು ಬಳಸಿ ಉಳಿಸಿದ್ದನ್ನು. ಲಕ್ಷಾಂತರ ಪೌಂಡ್ ಸಾಲ ಮಾಡಿ ಮನೆ ಕೊಂಡ ನಮ್ಮವರಲ್ಲಿ ಎಷ್ಟೋ ಮಂದಿಗೆ ತಮ್ಮ ಲೀಸ್ ಮುಗಿಯುವ ತಾರೀಖು ಗೊತ್ತಿರುವುದಿಲ್ಲ. ಇದು ನನಗೆ ನಿಜಕ್ಕೂ ಕಳವಳದ ವಿಷಯ.

ಮೊದಲು ಆ ತಾರೀಖನ್ನು ಹುಡುಕಿ. ಸರ್ಕಾರದ ಲ್ಯಾಂಡ್ ರಿಜಿಸ್ಟ್ರಿಯ ಜಾಲತಾಣದಲ್ಲಿ ಸಣ್ಣ ಶುಲ್ಕ ಕಟ್ಟಿದರೆ ನಿಮ್ಮ ಫ್ಲ್ಯಾಟಿನ ಟೈಟಲ್ ರಿಜಿಸ್ಟರ್ ಪ್ರತಿ ಸಿಗುತ್ತದೆ. ಅದರಲ್ಲಿ ‘99 ವರ್ಷ, 2008ರ ಮಾರ್ಚ್ 25ರಿಂದ’ ಎಂದಿದೆ ಎಂದುಕೊಳ್ಳಿ. ನೀವು 2019ರಲ್ಲಿ ಕೊಂಡಿರಬಹುದು, ಆದರೆ ಲೆಕ್ಕ ಶುರುವಾಗುವುದು 2008ರಿಂದಲೇ. ಅವಧಿ ಮುಗಿಯುವುದು 2107ರ ಮಾರ್ಚ್‌ನಲ್ಲಿ. ಹಾಗಾದರೆ 2027ರ ಮಾರ್ಚ್‌ಗೆ ಉಳಿಯುವುದು 80 ವರ್ಷ. ನೀವು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕಾದ ದಿನ ಅದೇ.

80ಕ್ಕೆ ಏಕಿಷ್ಟು ಮಹತ್ವ? ಲೀಸ್ ವಿಸ್ತರಿಸಲು ಫ್ರೀಹೋಲ್ಡರನಿಗೆ ಕಟ್ಟುವ ಹಣವನ್ನು ಪ್ರೀಮಿಯಂ ಎನ್ನುತ್ತಾರೆ. ಅದರಲ್ಲಿ ಎರಡು ಬಾಬತ್ತು ಎಲ್ಲರಿಗೂ ಇರುತ್ತವೆ: ಮುಂದೆ ಅವನಿಗೆ ತಪ್ಪಿಹೋಗುವ ಗ್ರೌಂಡ್ ರೆಂಟ್ (ನೀವು ಅವನಿಗೆ ವರ್ಷವರ್ಷ ಕಟ್ಟುವ ನೆಲಬಾಡಿಗೆ), ಮತ್ತು ಲೀಸ್ ಮುಗಿದಾಗ ಅವನ ಕೈಸೇರಬೇಕಿದ್ದ ಫ್ಲ್ಯಾಟಿನ ಇಂದಿನ ಬೆಲೆ. ಎರಡನೆಯದನ್ನು ಸಾಮಾನ್ಯವಾಗಿ ವರ್ಷಕ್ಕೆ ಶೇಕಡಾ 5ರಂತೆ ಹಿಂದಕ್ಕೆ ಲೆಕ್ಕ ಹಾಕುತ್ತಾರೆ. 3 ಲಕ್ಷ ಪೌಂಡಿನ ಫ್ಲ್ಯಾಟಿನ ಲೀಸ್ 81 ವರ್ಷ ಉಳಿದಿದ್ದರೆ ಈ ಭಾಗ ಸುಮಾರು 5,800 ಪೌಂಡ್. 70 ವರ್ಷ ಉಳಿದಿದ್ದರೆ ಸುಮಾರು 9,900. ಇಷ್ಟೇ ಆಗಿದ್ದರೆ ಹೇಗೋ ನಿಭಾಯಿಸಬಹುದಿತ್ತು. ಆದರೆ ಉಳಿದ ಅವಧಿ 80 ವರ್ಷ ಅಥವಾ ಅದಕ್ಕಿಂತ ಕಡಿಮೆಯಾದರೆ ಮ್ಯಾರೇಜ್ ವ್ಯಾಲ್ಯೂ ಎಂಬ ಮೂರನೆಯ ಬಾಬತ್ತು ಸೇರುತ್ತದೆ. ಲೀಸ್ ಉದ್ದವಾದುದರಿಂದ ಒಟ್ಟಾರೆ ಬೆಲೆಯಲ್ಲಿ ಆಗುವ ಏರಿಕೆಯ ಅರ್ಧವನ್ನು ಫ್ರೀಹೋಲ್ಡರನಿಗೆ ಕೊಡಬೇಕು. ಅವಧಿ ಕುಗ್ಗಿದಷ್ಟೂ ಈ ಮೊತ್ತ ಬೆಳೆಯುತ್ತಾ ಹೋಗುತ್ತದೆ. ಜೊತೆಗೆ, ಲೀಸ್ ತೀರಾ ಕಡಿಮೆಯಾದ ಫ್ಲ್ಯಾಟಿಗೆ ಸಾಲ ಕೊಡಲು ಅನೇಕ ಬ್ಯಾಂಕುಗಳು ಒಪ್ಪುವುದಿಲ್ಲ. ಆಗ ಮಾರುವುದೂ ಕಷ್ಟ.

ವಿಸ್ತರಣೆಗೆ ಎರಡು ದಾರಿಗಳಿವೆ. ಒಂದು, ಫ್ರೀಹೋಲ್ಡರನ ಜೊತೆ ಮಾತುಕತೆಯಾಡಿ ಒಪ್ಪಂದ ಮಾಡಿಕೊಳ್ಳುವುದು. ಕಡಿಮೆ ಪ್ರೀಮಿಯಂ ಕೇಳಿ ಆಸೆ ಹುಟ್ಟಿಸುವ ಪತ್ರಗಳು ಬರುವುದು ಈ ದಾರಿಯಲ್ಲೇ. ಅಂಥ ಪತ್ರವನ್ನು ಕೊನೆಯ ಪುಟದವರೆಗೆ ಓದಿ. ಎಷ್ಟೋ ಬಾರಿ ಅವಧಿಯನ್ನು ಬರೀ 125 ವರ್ಷಕ್ಕೆ ಏರಿಸಿ, ಹಳೆಯ ಅವಧಿ ಮುಗಿಯುವವರೆಗೂ ಗ್ರೌಂಡ್ ರೆಂಟ್ ಮುಂದುವರಿಸುವ ಷರತ್ತು ಅದರಲ್ಲಿರುತ್ತದೆ. ವರ್ಷಕ್ಕೆ 250 ಪೌಂಡ್ ಇರುವ ರೆಂಟ್ ಹತ್ತು ವರ್ಷಕ್ಕೊಮ್ಮೆ ದುಪ್ಪಟ್ಟಾಗುವಂತಿದ್ದರೆ, 40 ವರ್ಷಕ್ಕೆ ಅದು 4,000 ಪೌಂಡ್!

ಇನ್ನೊಂದು, 1993ರ ಕಾಯ್ದೆ ಕೊಟ್ಟಿರುವ ಹಕ್ಕಿನ ದಾರಿ. ಉಳಿದ ಅವಧಿಯ ಮೇಲೆ 90 ವರ್ಷ ಸೇರುತ್ತದೆ, ಗ್ರೌಂಡ್ ರೆಂಟ್ ಪೂರ್ತಿ ಇಲ್ಲವಾಗುತ್ತದೆ. ನಿಮ್ಮ ಲೀಸ್ ಮೂಲದಲ್ಲಿ 21 ವರ್ಷಕ್ಕಿಂತ ಹೆಚ್ಚಿನದಾಗಿದ್ದರೆ ಸಾಮಾನ್ಯವಾಗಿ ಈ ಹಕ್ಕು ನಿಮಗಿದೆ. ಎರಡು ವರ್ಷ ಮಾಲೀಕರಾಗಿರಬೇಕೆಂಬ ಹಳೆಯ ನಿಯಮ 2025ರ ಜನವರಿ 31ರಂದು ರದ್ದಾಯಿತು. ಬಹುಪಾಲು ಜನರಿಗೆ ನಾನು ಹೇಳುವುದು ಈ ದಾರಿಯನ್ನೇ. ಫ್ರೀಹೋಲ್ಡರ್ ಮುನಿಸಿಕೊಂಡಾನೆಂಬ ಸಂಕೋಚ ಬೇಡ, ಇದು ಕಾನೂನು ನಿಮಗೆ ಕೊಟ್ಟ ಹಕ್ಕು.

ಈ ಕೆಲಸಕ್ಕೆ ಇಬ್ಬರು ಬೇಕು: ಬೆಲೆ ಕಟ್ಟುವ ಸರ್ವೇಯರ್, ನೋಟಿಸ್ ಕೊಡುವ ಸಾಲಿಸಿಟರ್. ಮನೆ ಕೊಳ್ಳುವಾಗ ನೆರವಾದ ಸಾಲಿಸಿಟರ್ ಇದರಲ್ಲಿ ಪಳಗಿದವರೇ ಎಂದು ಕೇಳಿ ತಿಳಿಯಿರಿ, ಏಕೆಂದರೆ ಇಲ್ಲಿ ಗಡುವುಗಳೇ ಎಲ್ಲ. ವಿಸ್ತರಣೆ ಕೋರಿ 1993ರ ಕಾಯ್ದೆಯ ಸೆಕ್ಷನ್ 42ರಡಿ ಕೊಡುವ ನೋಟಿಸಿನಲ್ಲಿ ನೀವು ಕೊಡಲು ಸಿದ್ಧವಿರುವ ಪ್ರೀಮಿಯಂ ಹೇಳಬೇಕು. ಉತ್ತರಿಸಲು ಫ್ರೀಹೋಲ್ಡರನಿಗೆ ಕನಿಷ್ಠ ಎರಡು ತಿಂಗಳ ಅವಕಾಶ ಕೊಡಬೇಕು. ಅವನು ಉತ್ತರದ ನೋಟಿಸ್ ಕೊಟ್ಟ ಮೇಲೆ ಬೆಲೆಯ ಚೌಕಾಸಿ. ಅದು ಬಗೆಹರಿಯದಿದ್ದರೆ, ಆ ಉತ್ತರದ ನೋಟಿಸ್ ಬಂದು ಎರಡು ತಿಂಗಳಾದ ಮೇಲೆ, ಆದರೆ ಅದು ಬಂದ ಆರು ತಿಂಗಳೊಳಗೆ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಆ ಗಡುವು ತಪ್ಪಿದರೆ ನೋಟಿಸೇ ಬಿದ್ದುಹೋಗುತ್ತದೆ, ಮತ್ತೊಂದು ಕೊಡಲು ಒಂದು ವರ್ಷ ಕಾಯಬೇಕು. ಆ ವರ್ಷದಲ್ಲೇ ಲೀಸ್ 80ರ ಗೆರೆ ದಾಟಿಬಿಟ್ಟರೆ ಗತಿಯೇನು, ಯೋಚಿಸಿ. ಸಮಾಧಾನದ ಮಾತೂ ಇದೆ: ಬೆಲೆ ನಿಗದಿಯಾಗುವುದು ನೋಟಿಸ್ ಕೊಟ್ಟ ದಿನದ ಲೆಕ್ಕದಲ್ಲಿ. 80 ವರ್ಷಕ್ಕಿಂತ ಒಂದು ವಾರ ಹೆಚ್ಚಿರುವಾಗ ನೋಟಿಸ್ ತಲುಪಿದ್ದರೆ, ಮಾತುಕತೆ ಎಷ್ಟು ಎಳೆದರೂ ಮ್ಯಾರೇಜ್ ವ್ಯಾಲ್ಯೂ ತಗಲುವುದಿಲ್ಲ. ಖರ್ಚಿನ ಅಂದಾಜಿನಲ್ಲಿ ಫ್ರೀಹೋಲ್ಡರನ ಕಡೆಯ ಸರ್ವೇಯರ್ ಮತ್ತು ವಕೀಲರ ನ್ಯಾಯಯುತ ವೆಚ್ಚವನ್ನೂ ಸೇರಿಸಿಕೊಳ್ಳಿ; ಈಗಿನ ನಿಯಮದಲ್ಲಿ ಅದೂ ನಿಮ್ಮ ಪಾಲಿನದೇ.

ಹೊಸ ಕಾಯ್ದೆ ಬರುತ್ತಿದೆಯಲ್ಲ, ಕಾಯೋಣವೇ ಎಂಬ ಪ್ರಶ್ನೆ ಎಲ್ಲೆಡೆ ಕೇಳಿಬರುತ್ತಿದೆ. 2024ರ ಮೇ ತಿಂಗಳಲ್ಲಿ ಅಂಗೀಕಾರವಾದ ಕಾಯ್ದೆ 990 ವರ್ಷಗಳ ವಿಸ್ತರಣೆ ಕೊಡುತ್ತದೆ, ಮ್ಯಾರೇಜ್ ವ್ಯಾಲ್ಯೂವನ್ನು ತೆಗೆದುಹಾಕುತ್ತದೆ. ಆದರೆ ನಾನಿದನ್ನು ಬರೆಯುವ ಹೊತ್ತಿಗೆ ಆ ಭಾಗಗಳು ಜಾರಿಗೆ ಬಂದಿಲ್ಲ. 95 ವರ್ಷ ಉಳಿದಿದ್ದು, ಮಾರುವ ಯೋಚನೆಯೂ ಇಲ್ಲದವರು ನಿಶ್ಚಿಂತೆಯಿಂದ ಕಾಯಬಹುದು. 81, 82ರಲ್ಲಿ ಇರುವವರು ಕಾಯುವುದು ನನಗೆ ಸರಿಕಾಣುವುದಿಲ್ಲ. ಈಗಾಗಲೇ 80ರ ಕೆಳಗೆ ಇಳಿದವರ ಲೆಕ್ಕ ಸೂಕ್ಷ್ಮವಾದುದು: ಕಾದರೆ ದೊಡ್ಡ ಉಳಿತಾಯವಾಗಬಹುದು, ಆದರೆ ಅಷ್ಟರಲ್ಲಿ ಮಾರಬೇಕಾಗಿ ಬಂದರೆ ಇಕ್ಕಟ್ಟು. ಹಣ ಸುರಿಯುವ ಮುನ್ನ ಸರ್ಕಾರದ ಧನಸಹಾಯದಲ್ಲಿ ನಡೆಯುವ ಲೀಸ್‌ಹೋಲ್ಡ್ ಅಡ್ವೈಸರಿ ಸರ್ವಿಸ್‌ನವರ ಉಚಿತ ಸಲಹೆ ಪಡೆಯಿರಿ.

ಊರಿಗೆ ಮರಳಿ, ಲಂಡನ್ನಿನ ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟವರಿಗೂ ಈ ಹಕ್ಕಿದೆ. ಅದೇ ಮನೆಯಲ್ಲಿ ವಾಸವಿರಬೇಕೆಂಬ ಷರತ್ತಿಲ್ಲ. ಇಂಗ್ಲೆಂಡಿನ ಫ್ಲ್ಯಾಟಾದರೆ ನಿಮ್ಮ ಪರವಾಗಿ ಸಾಲಿಸಿಟರೇ ನೋಟಿಸಿಗೆ ಸಹಿ ಮಾಡಬಹುದು. ಮಾರಾಟಕ್ಕೆ ಇಟ್ಟವರು ತಾವೇ ನೋಟಿಸ್ ಕೊಟ್ಟು, ಅದರ ಫಲವನ್ನು ಕೊಳ್ಳುವವರಿಗೆ ವರ್ಗಾಯಿಸಬಹುದು. ಆದರೆ ಆ ವರ್ಗಾವಣೆ ಮಾರಾಟದ ಜೊತೆಯಲ್ಲೇ ಆಗಬೇಕು. ಫ್ಲ್ಯಾಟ್ ಮೊದಲು ಕೈಬದಲಾದರೆ ನೋಟಿಸ್ ಹಿಂತೆಗೆದುಕೊಂಡಂತೆಯೇ ಲೆಕ್ಕ. ಸಾಲಿಸಿಟರಿಗೆ ಇದನ್ನು ಮೊದಲೇ ಲಿಖಿತವಾಗಿ ತಿಳಿಸಿಡಿ.