ಉದ್ಯಾನದಲ್ಲಿ ಬಿದ್ದ ಉಂಗುರ ಹುಡುಕುವ ಮುನ್ನ

ಕೋಲಾರದ ಉದ್ಯಾನಗಳಲ್ಲಿ ಕಳೆದುಹೋದ ಚಿನ್ನದ ಉಂಗುರವನ್ನು ಮೆಟಲ್ ಡಿಟೆಕ್ಟರಿನಿಂದ ಹುಡುಕುವವರು ಮೊದಲು ಅದೇ ಅಳತೆಯ ಇನ್ನೊಂದು ಚಿನ್ನದ ಉಂಗುರವನ್ನು, ಅದೂ ಕಳೆಯದಂತೆ ದಾರ ಕಟ್ಟಿಯೇ, ಹುಲ್ಲಿನ ಮೇಲಿಟ್ಟು, ಯಂತ್ರವು ತೋರಿಸುವ ಅಂಕಿಯನ್ನು ಬರೆದುಕೊಂಡು, ಲೋಹದ ಕಸವನ್ನು ಕಡೆಗಣಿಸುವ ಯಂತ್ರದ ಸೌಲಭ್ಯವನ್ನು ನಿಲ್ಲಿಸಿ ಹುಡುಕಬೇಕು. ತೆಳುವಾದ ಚಿನ್ನದ ಉಂಗುರಕ್ಕೂ ಅಲ್ಯೂಮಿನಿಯಂ ಹಾಳೆಯ ಚೂರಿಗೂ ಹೆಚ್ಚುಕಡಿಮೆ ಒಂದೇ ಅಂಕಿ ಬರುವುದರಿಂದ, ಹಾಳೆಯನ್ನು ಬಿಟ್ಟ ಯಂತ್ರವು ಚಿನ್ನವನ್ನೂ ಬಿಟ್ಟುಬಿಡುತ್ತದೆ. ಸಣ್ಣ ಕೊಂಡಿಗಳ ಸರಕ್ಕೆ ಈ ಉಪಾಯ ನಡೆಯದು; ಯಂತ್ರವು ಅದನ್ನು ಬಿಡಿ ಕೊಂಡಿಗಳಂತೆ ಗ್ರಹಿಸುವುದರಿಂದ ಸದ್ದು ತೀರಾ ಕ್ಷೀಣವಾಗಿರುತ್ತದೆ. ನಮ್ಮ ಕೆಂಪುಮಣ್ಣಿನಲ್ಲಿ ಕಬ್ಬಿಣದ ಅಂಶವಿರುವ ಕಾರಣ ಯಂತ್ರವನ್ನು ಆಯಾ ನೆಲಕ್ಕೆ ಹೊಂದಿಸದಿದ್ದರೆ ಸುಳ್ಳು ಸದ್ದುಗಳು ಬರುತ್ತವೆ. ತಂತಿಬೇಲಿಯ ಪಕ್ಕದಲ್ಲಂತೂ ಯಂತ್ರವು ಬೇಲಿಯ ಲೋಹಕ್ಕೇ ಸದ್ದು ಮಾಡುವುದರಿಂದ ಕೈಯಿಂದ ತಡಕುವುದೇ ಮೇಲು. ಹೂತಿಟ್ಟ ಹಳೆಯ ನಾಣ್ಯಗಳು ಸಿಕ್ಕಿದರೆ, 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು.